ಎವರಿಸ್ತು ಮಾವ ಬದುಕಿಸಿದ ಮನುಷ್ಯ

ಎವರಿಸ್ತು ಸಲ್ಗೇರು ನನ್ನ ಸೋದರಮಾವ. ಒಂದು ಕಾಲಕ್ಕೆ ಲಿಸ್ಬನ್ನಿಗೆ ಹೋಗುವ ರೈಲು ಹತ್ತಿದರೆ ಅವನ ಪ್ರವಾಸದ ಪುಸ್ತಕ ಹಿಡಿದು ಕೂತವರು ಯಾರಾದರೊಬ್ಬರು ಕಾಣಸಿಗುತ್ತಿದ್ದರು. ಬಂದರುಗಳ ಬಗ್ಗೆ ಅವನಷ್ಟು ಚೆನ್ನಾಗಿ ಬರೆದವರಿಲ್ಲ ಎಂದು ಪತ್ರಿಕೆಗಳು ಹೊಗಳುತ್ತಿದ್ದವು. ಕಟ್ಟೆಯ ಮೇಲೆ ನಿಂತ ಒಬ್ಬೊಬ್ಬರ ಮುಖವನ್ನೂ ಯಾರನ್ನೋ ಹುಡುಕುವವನ ಹಾಗೆ ನೋಡುತ್ತಾನೆ ಎಂದು ಒಬ್ಬ ವಿಮರ್ಶಕ ಬರೆದಿದ್ದ. ಮೆಚ್ಚಿಕೆಯಿಂದಲೇ ಬರೆದದ್ದು. ಅದು ಬರೀ ಹೋಲಿಕೆಯಲ್ಲ ಎಂದು ನಮ್ಮ ಇಲ್ಯವು ಊರಿನವರಿಗೆ ಮಾತ್ರ ಗೊತ್ತಿತ್ತು. ಅವನು ನಿಜಕ್ಕೂ ಒಬ್ಬನನ್ನು ಹುಡುಕುತ್ತಿದ್ದ. ಆ ಮನುಷ್ಯ ಸತ್ತು ಎಷ್ಟೋ ವರ್ಷಗಳಾಗಿದ್ದವು.

ನಮ್ಮೂರಿನ ಗಂಡಸರಿಗೆ ಇದ್ದದ್ದು ಎರಡೇ ದಾರಿ. ಹಿನ್ನೀರಿನ ಅಂಚಿನ ಉಪ್ಪಿನ ಗದ್ದೆಗೆ ಇಳಿಯಬೇಕು, ಇಲ್ಲವಾದರೆ ವಸಂತದಲ್ಲಿ ಹಡಗು ಹತ್ತಿ ಉತ್ತರದ ತಣ್ಣನೆಯ ಸಮುದ್ರಕ್ಕೆ ಬಕಲ್ಯಾವು ಮೀನು ಹಿಡಿಯಲು ಹೋಗಬೇಕು. ಮಾವನಿಗೆ ಚಿಕ್ಕಂದಿನಿಂದ ಎದೆ ಸರಿಯಿರಲಿಲ್ಲ. ಎರಡಕ್ಕೂ ಬಾರದವನು ಎಂದು ಅಜ್ಜ ಅವನನ್ನು ಓದಲು ಬಿಟ್ಟ. ಓದಿ, ಪಕ್ಕದ ಅವೇರು ಪಟ್ಟಣದ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ. ನನ್ನಮ್ಮ ಎರ್ಮೆಲಿಂದಾ ಅವನ ಅಕ್ಕ. ಮೊಟ್ಟೆಯ ಹಳದಿ ಮತ್ತು ಸಕ್ಕರೆ ಪಾಕ ಕಾಸಿ, ಹಿಟ್ಟಿನಿಂದ ಮಾಡಿದ ತೆಳ್ಳನೆಯ ಬಿಳಿ ಹಾಳೆಯ ಚಿಪ್ಪುಗಳಲ್ಲಿ ತುಂಬಿ ಮಾರುವ ಸಿಹಿ ಅಂಗಡಿ ನಮ್ಮದು. ತಮ್ಮನ ಪತ್ರಿಕೆಯನ್ನು ಅವಳು ಬಿಡದೆ ತರಿಸುತ್ತಿದ್ದಳು. ಆದರೆ ಅವನೆದುರಿಗೆ ಮಾತ್ರ, "ನೀನು ಬರೆದ ಸುದ್ದಿಗಿಂತ ಅದ್ರಲ್ಲಿ ಸುತ್ತಿ ಕೊಡೋ ಮೀನಿಗೇ ರುಚಿ ಜಾಸ್ತಿ ಕಣೋ" ಎನ್ನುತ್ತಿದ್ದಳು.

ಅವನಿಗೆ ಇಪ್ಪತ್ತೈದರ ಆಸುಪಾಸು. ಮೀನುಗಾರರ ಜೊತೆ ಒಂದು ಋತು ಕಳೆದು ಬಂದು ಬರೆ ಎಂದು ಪತ್ರಿಕೆಯವರು ಅವನನ್ನು ಹಡಗಿಗೆ ಹತ್ತಿಸಿದರು. ಹಡಗಿನ ಹೆಸರು 'ಎಸ್ತ್ರೆಲಾ ದು ವೋಗಾ'. ಅಮ್ಮ ಅಳುತ್ತಲೇ ಅವನ ಎದೆಗೆ ಉಣ್ಣೆಯ ಪಟ್ಟಿ ಸುತ್ತಿ ಕಳಿಸಿದಳು.

ಅಲ್ಲಿ ಮೀನು ಹಿಡಿಯುತ್ತಿದ್ದ ರೀತಿ ಹೀಗೆ. ಬೆಳಗ್ಗೆ ಹಡಗಿನಿಂದ ಪುಟ್ಟ ದೋಣಿಗಳನ್ನು ಇಳಿಸುತ್ತಾರೆ. ಒಂದು ದೋಣಿಗೆ ಒಬ್ಬನೇ ಮನುಷ್ಯ. ಅವನು ಗಾಳಗಳ ಉದ್ದ ಹಗ್ಗ ಬಿಟ್ಟು, ದೋಣಿ ತುಂಬಿದ ಮೇಲೆ ಹುಟ್ಟು ಹಾಕುತ್ತ ಹಡಗಿಗೆ ಮರಳಬೇಕು. ದಟ್ಟ ಮಂಜಿನ ಕಾವಳ ಮುಸುಕಿದರೆ ಹಡಗಿನವರು ಗಂಟೆ ಬಾರಿಸುತ್ತಾರೆ. ದೋಣಿಯವನು ತಾನಿರುವ ದಿಕ್ಕು ತಿಳಿಯಲೆಂದು ಶಂಖ ಊದುತ್ತಾನೆ.

ಆ ಹಡಗಿನಲ್ಲಿ ಮಾವನಿಗೆ ಗೆಳೆಯನಾದವನು ನಮ್ಮೂರಿನ ಜಸಿಂತು ರಮಲ್ಯೇರ. ಅಗಲ ಭುಜದ, ಬಾಯಿ ತುಂಬ ತಮಾಷೆಯ ಮನುಷ್ಯ. ಮಾವ ವಾಂತಿ ಮಾಡಿಕೊಂಡು ಬಿದ್ದಿದ್ದಾಗ ಮೀನಿನ ಸಾರು ಕುಡಿಸಿ ಎಬ್ಬಿಸಿದವನು ಅವನೇ. ಒಂದು ದಿನ ಮಾವ ಬರೆಯುತ್ತ ಕೂತಿದ್ದಾಗ ಜಸಿಂತು ಪಕ್ಕದಲ್ಲಿ ಬಂದು ಕೂತನಂತೆ.

"ನನ್ನನ್ನೂ ಬರೀತೀಯಾ?"

"ಬರೀತೀನಿ."

"ಬರಿ. ಆದ್ರೆ ಹಿಂಗೆ ಮೀನಿನ ನಾತ ಹೊಡೆಯೋ ಹಾಗೆ ಬರೀಬೇಡ ಮಾರಾಯ. ಗಡ್ಡ ಬೋಳ್ಸಿ, ಒಂದು ಒಳ್ಳೆ ಕೋಟು ತೊಡ್ಸು. ಮದುವೆ ದಿನ ಬಿಟ್ರೆ ನಮ್ಮ ಕುಶ್ತೋದಿಯಾ ನನ್ನನ್ನ ಕೋಟಲ್ಲಿ ನೋಡೇ ಇಲ್ಲ. ಅದೂ ಅವಳ ಭಾವಂದು. ತೋಳು ಮೊಣಕೈಗೇ ಮುಗ್ದಿತ್ತು."

ಅದಾದ ಕೆಲವೇ ದಿನಗಳಿಗೆ, ದೋಣಿಗಳು ದೂರ ಹೋಗಿದ್ದಾಗ ಕಾವಳ ಇಳಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಜಸಿಂತು ಬರಲಿಲ್ಲ. ಅವನ ಶಂಖ ಮಾತ್ರ ಕೇಳುತ್ತಿತ್ತು. ಒಮ್ಮೆ ಹಡಗಿನ ಮುಂದಿನಿಂದ, ಇನ್ನೊಮ್ಮೆ ಹಿಂದಿನಿಂದ, ಮತ್ತೊಮ್ಮೆ ತೀರಾ ಹತ್ತಿರದಿಂದ. ಕೈಚಾಚಿದರೆ ಸಿಗುವನೇನೋ ಎಂದು ಜನ ಕಟಕಟೆಗೆ ಬಾಗಿ ಹೆಸರು ಹಿಡಿದು ಕೂಗಿದರು. ಗಂಟೆ ಬಾರಿಸುವವನ ಕೈ ಸೋತಾಗ ಇನ್ನೊಬ್ಬ ಬಾರಿಸಿದ. ಸಂಜೆಯ ಹೊತ್ತಿಗೆ ಶಂಖ ನಿಂತಿತು. ಮರುದಿನ ಕಾವಳ ಕರಗಿದಾಗ ಸುತ್ತ ಬರೀ ನೀರು. ಕಪ್ತಾನ ಒಳ್ಳೆಯವನು, ಆಮೇಲೂ ಹುಡುಕಿಸಿದ. ಕೊನೆಗೆ ಟೋಪಿ ತೆಗೆದು ಪ್ರಾರ್ಥನೆ ಹೇಳಿ ಹಾಯಿ ಬಿಚ್ಚಿಸಿದ. ಹಡಗು ಹೊರಟ ಮೇಲೂ ಶಂಖ ಕೇಳುತ್ತಿದೆ ಎಂದು ಮಾವ ಹೇಳಿದನಂತೆ. ಉಳಿದವರು ಕಿವಿಗೊಟ್ಟರು. ಯಾರಿಗೂ ಕೇಳಲಿಲ್ಲ.

ಅಂದಿನಿಂದ ಅವನಿಗೆ ಅದು ಅಂಟಿಕೊಂಡಿತು. ನಮ್ಮ ಅಂಗಡಿಯಲ್ಲಿ ಮಾತಾಡುತ್ತ ನಿಂತವನು ನಡುವೆ ಸುಮ್ಮನಾಗಿ ಬಾಗಿಲ ಕಡೆಗೆ ಕಿವಿ ತಿರುಗಿಸುತ್ತಿದ್ದ. ಏನೂ ಇಲ್ಲ ಕಣೋ, ಗಾಡಿಯ ಚಕ್ರ ಎಂದು ಅಮ್ಮ ಹೇಳುತ್ತಿದ್ದಳು. ಹೌದೆಂದು ತಲೆಯಾಡಿಸಿ, ಮತ್ತೂ ಅಲ್ಲಿಯೇ ನೋಡುತ್ತಿದ್ದ.

ಜಸಿಂತು ಸತ್ತ ಬಗ್ಗೆ ಅವನು ಬರೆದ ಒಂದು ಸಾಲೂ ಪತ್ರಿಕೆಯಲ್ಲಿ ಬರಲಿಲ್ಲ. ಬಕಲ್ಯಾವು ಹಡಗುಗಳೆಂದರೆ ಆಗ ಸರ್ಕಾರಕ್ಕೆ ದೇಶದ ಹೆಮ್ಮೆ. ಅಲ್ಲಿ ಜನ ಸಾಯುತ್ತಾರೆಂದು ಅಚ್ಚು ಹಾಕುವಂತಿರಲಿಲ್ಲ. ಹಾಗಾಗಿ ಅವನು ಎಲ್ಲವನ್ನೂ ಕಾದಂಬರಿ ಮಾಡಿದ. ಅದನ್ನೂ ಮೊದಲು ಸೆನ್ಸಾರಿನವರಿಗೆ ತೋರಿಸಬೇಕಿತ್ತು. ಅಲ್ಲಿದ್ದ ಅಧಿಕಾರಿ ಸಾಹಿತ್ಯಪ್ರಿಯ, ಮೃದುಭಾಷಿ. ಪುಸ್ತಕ ತುಂಬ ಚೆನ್ನಾಗಿದೆ, ಆದರೆ ನಿಮ್ಮ ಮೀನುಗಾರ ಬದುಕಿದರೆ ಪುಸ್ತಕವೂ ಬದುಕುತ್ತದೆ, ಯೋಚನೆ ಮಾಡಿ ಎಂದು ಕಾಫಿ ಕೊಟ್ಟು ಕಳಿಸಿದ.

ಮಾವ ಯೋಚನೆ ಮಾಡಿದ. ಮೀನುಗಾರನನ್ನು ಬದುಕಿಸಿದ. ಕಾದಂಬರಿಯಲ್ಲಿ ಅವನನ್ನು ಯಾವುದೋ ಪರದೇಶದ ಹಡಗು ಎತ್ತಿಕೊಳ್ಳುತ್ತದೆ. ಜ್ವರದಲ್ಲಿ ಹೆಸರು, ಊರು ಎಲ್ಲ ಮರೆತು ಬಂದರಿನಿಂದ ಬಂದರಿಗೆ ಅಲೆಯುತ್ತಾನೆ. ಕೊನೆಯ ಪುಟದಲ್ಲಿ ದೂರದ ಪೂರ್ವದ ಒಂದು ಬಂದರಿನಲ್ಲಿ ಅವನಿಗೆ ಹೆಂಡತಿಯ ಮುಖ ನೆನಪಾಗುತ್ತದೆ. ಗಡ್ಡ ಬೋಳಿಸಿಕೊಂಡು, ಒಳ್ಳೆಯದೊಂದು ಕೋಟು ಕೊಂಡು ತೊಟ್ಟು, ಊರಿಗೆ ಹೋಗುವ ಹಡಗಿಗಾಗಿ ಕಟ್ಟೆಯ ಮೇಲೆ ನಿಲ್ಲುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಗೆಳೆಯನ ಆಸೆ ಅಷ್ಟಾದರೂ ನಡೆಯಲಿ ಎಂದು ಕೋಟು ತೊಡಿಸಿದೆ ಎಂದು ಮಾವ ನನಗೆ ಆಮೇಲೆ ಹೇಳಿದ.

ಪುಸ್ತಕ ಗೆದ್ದಿತು. ಊರೂರಿನಲ್ಲಿ ಓದಿದರು.

ಹಿನ್ನೀರಿನ ಆಚೆ ಗಫಾನ್ಯದಲ್ಲಿ ಮೀನು ಒಣಗಿಸುವ ಬಯಲಿದೆ. ಉಪ್ಪು ಹಾಕಿದ ಮೀನನ್ನು ಅಟ್ಟಣಿಗೆಗಳ ಮೇಲೆ ಹರಡುವುದು, ಮಳೆ ಬಂದರೆ ಎತ್ತುವುದು, ಎಲ್ಲವೂ ಹೆಂಗಸರ ಕೆಲಸ. ಜಸಿಂತುವಿನ ಹೆಂಡತಿ ಕುಶ್ತೋದಿಯಾ ಅಲ್ಲಿ ದುಡಿಯುತ್ತಿದ್ದಳು. ಗಂಡ ಹೋದ ಮೇಲೆ ಕಪ್ಪು ಬಟ್ಟೆ ಉಟ್ಟವಳು, ಆಗಷ್ಟೇ ಸ್ವಲ್ಪ ನಗಲು ಶುರುಮಾಡಿದ್ದಳು. ದೋಣಿಗಳಿಗೆ ಬಣ್ಣ ಬಳಿಯುವ ಅಬಿಲಿಯು ಎಂಬಾತ ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ. ಈಸ್ಟರ್ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಷರ ಬಲ್ಲವಳೊಬ್ಬಳು ಉಳಿದವರಿಗೆ ಮಾವನ ಕಾದಂಬರಿ ಓದಿ ಹೇಳುತ್ತಿದ್ದಳು. ಕೊನೆಯ ಪುಟ ಬಂದ ದಿನ, ಕೋಟಿನ ಮಾತು ಕೇಳುತ್ತಲೇ ಕುಶ್ತೋದಿಯಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳಂತೆ. ಎದ್ದು, ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರ ಬಿಚ್ಚಿ ಮಡಿಚಿ ಜೇಬಿಗಿಟ್ಟುಕೊಂಡು, ದೋಣಿಯಲ್ಲಿ ಹಿನ್ನೀರು ದಾಟಿ ನೇರ ನಮ್ಮ ಅಂಗಡಿಗೆ ಬಂದಳು.

ಆಗ ನಾನು ಹದಿಹರೆಯದವಳು. ಚಿಪ್ಪುಗಳ ಅಂಚನ್ನು ಕತ್ತರಿಯಿಂದ ಕತ್ತರಿಸುತ್ತ ಕೂತಿದ್ದೆ. ಮಾವ ಅಲ್ಲೇ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ. ಅವಳ ಮೈಯಿಂದ ಉಪ್ಪುಮೀನಿನ ವಾಸನೆ ಅಂಗಡಿ ತುಂಬಿತು.

"ಸೆನ್ಯೋರ್ ಎವರಿಸ್ತು, ನಮ್ಮೆಜಮಾನ್ರು ಎಲ್ಲಿದಾರೆ?"

ಮಾವ ಎದ್ದು ನಿಂತ. ಕಾಫಿಯ ಬಟ್ಟಲು ಕೆಳಗಿಟ್ಟ.

"ಹೆಸರು ಬದಲಾಯ್ಸಿದೀರ, ಇರ್ಲಿ. ಆದ್ರೆ ಕೋಟಿನ ಮಾತು ಅವರ್ದೇ. ಅದನ್ನ ನನ್ಹತ್ರ ಬಿಟ್ರೆ ಇನ್ಯಾರತ್ರಾನೂ ಆಡಿದವರಲ್ಲ. ನಿಮಗೆ ಹೇಗೆ ಗೊತ್ತಾಯ್ತು? ಅವರು ಸಿಕ್ಕಿದ್ರು ತಾನೇ?"

ಅದೆಲ್ಲ ನಾನು ಕಟ್ಟಿದ್ದಮ್ಮ ಎಂದು ಆ ಹೊತ್ತಿಗೆ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಮ್ಮನೂ ಕಣ್ಣಲ್ಲೇ ಅದನ್ನು ಹೇಳುತ್ತಿದ್ದಳು. ಆದರೆ ಕುಶ್ತೋದಿಯಾಳ ಮುಖ ನೋಡಿ ಮಾವನಿಂದ ಆಗಲಿಲ್ಲ. ಯಾವ ಬಂದರು ಎಂದು ನನಗೆ ಗೊತ್ತಿಲ್ಲ ಎಂದ.

"ಹಾಗಾದ್ರೆ ನೋಡ್ಕೊಂಡು ಬನ್ನಿ. ನೀವು ಓದಿದವರು, ನಿಮಗೆ ದಾರಿ ಗೊತ್ತಾಗುತ್ತೆ. ನಾನು ಹೋಗೋಕಾಗುತ್ತಾ?"

ಅವಳು ಅಬಿಲಿಯುವಿಗೆ ಇಲ್ಲವೆಂದಳು. ಅವನು ಜಗಳವಾಡಲಿಲ್ಲ. ಗಂಡ ಬದುಕಿರುವ ಹೆಂಗಸಿನ ಜೊತೆ ಯಾರು ಜಗಳವಾಡುತ್ತಾರೆ? ಅವಳು ದರ್ಜಿಯ ಹತ್ತಿರ ಜಸಿಂತುವಿನ ಅಳತೆಗೆ ನೀಲಿ ಉಣ್ಣೆಯ ಕೋಟು ಹೊಲಿಸಿ ಬಾಗಿಲ ಹಿಂದೆ ನೇತುಹಾಕಿದಳು. ತೊಟ್ಟು ಬಂದದ್ದೊಂದು, ಇದೊಂದು, ಎರಡು ಕೋಟು ಬದಲಾಯಿಸಿ ತೊಡಲಿ ಎಂದು ಹೇಳಿಕೊಂಡಳು.

ಮಾವ ಹೊರಟ. ಮೊದಲು ಹೋದದ್ದು ಉತ್ತರದ ಸೇಂಟ್ ಜಾನ್ಸ್ ಬಂದರಿಗೆ, ನಮ್ಮ ಹಡಗುಗಳು ನೀರು ತುಂಬಿಸಿಕೊಳ್ಳುವ ಊರಿಗೆ. ಅಲ್ಲಿಂದ ಪತ್ರಿಕೆಗೆ ಬರೆದ ಲೇಖನಗಳು ಜನಕ್ಕೆ ಹಿಡಿಸಿದವು. ಪತ್ರಿಕೆಯವರು ಇನ್ನೊಂದು ಊರಿಗೆ ಕಳಿಸಿದರು, ಲಿಸ್ಬನ್ನಿನ ಪ್ರಕಾಶಕ ಮತ್ತೊಂದಕ್ಕೆ. ಹಾಗೆ ಅವನು ಪ್ರವಾಸದ ಲೇಖಕನಾದ. ಸಾಂತೂಸ್, ಲೂರೆನ್ಸು ಮಾರ್ಕಿಶ್, ಗೋವಾ, ಕೋಬೆ. ದೇಶದ ಒಳಗಿನ ಅರಮನೆ, ಗುಡ್ಡ, ಕಾಡು ಯಾವುದನ್ನೂ ಅವನು ಬರೆಯಲಿಲ್ಲ. ಹಡಗಿನಿಂದ ಇಳಿದು ಕಟ್ಟೆ, ನಾವಿಕರ ಹೋಟೆಲು, ಆಸ್ಪತ್ರೆ, ಸ್ಮಶಾನ ನೋಡಿ ಮತ್ತೆ ಹಡಗು ಹತ್ತುವುದು. ಮದುವೆಯಾಗಲಿಲ್ಲ. ಅವನು ಊರಿಗೆ ಬಂದಾಗಲೆಲ್ಲ ಕುಶ್ತೋದಿಯಾ ಅಂಗಡಿಗೆ ಬರುತ್ತಿದ್ದಳು. ಅಲ್ಲಿಲ್ಲ ಎಂದು ಅವನು ಹೇಳುತ್ತಿದ್ದ. ಮುಂದಿನ ಸಲ ಎಲ್ಲಿಗೆ ಎಂದು ಅವಳು ಕೇಳುತ್ತಿದ್ದಳು.

ಒಮ್ಮೆ ಅವನು ಧೈರ್ಯ ಮಾಡಿದ. ನಾನೂ ಜೊತೆಗೆ ಹೋಗಿದ್ದೆ. ಅವಳ ಮನೆಯಲ್ಲಿ ಕೂತು, ಕಾದಂಬರಿಯ ಕೊನೆ ಸುಳ್ಳು, ನಾನೇ ಕಟ್ಟಿದ್ದು ಎಂದು ನೇರವಾಗಿ ಹೇಳಿದ. ಕುಶ್ತೋದಿಯಾ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು. ದನಿ ತಗ್ಗಿಸಿದಳು.

"ಪೊಲೀಸರು ಬಂದಿದ್ರಾ? ಹೀಗೆ ಹೇಳು ಅಂತ ಹೆದರ್ಸಿದ್ರಾ?"

"ಇಲ್ಲಮ್ಮ. ಯಾರೂ ಹೆದರ್ಸಿಲ್ಲ."

"ಹೆದರ್ಸಿದವರು ಹಾಗೇ ಹೇಳು ಅಂತಾರೆ. ನನಗೆ ಅರ್ಥವಾಗುತ್ತೆ ಬಿಡಿ. ಹೊರಗಡೆ ನೀವು ಏನು ಬೇಕಾದ್ರೂ ಹೇಳ್ಕೊಳ್ಳಿ, ನಾನು ಬೇಜಾರು ಮಾಡ್ಕೊಳಲ್ಲ."

ನಮ್ಮ ಕಾಲವೇ ಹಾಗಿತ್ತು. ಪೊಲೀಸರು ಹೆದರಿಸಿ, ಬರೆದದ್ದನ್ನು ಇಲ್ಲವೆಂದು ಹೇಳಿಸುವುದು ಎಲ್ಲರೂ ಕಂಡದ್ದೇ. ಈ ಸಲ ಸುಳ್ಳನ್ನು ಬರೆಸಿದವರೇ ಸರ್ಕಾರದವರು ಎಂದು ಅವಳನ್ನು ನಂಬಿಸುವುದು ಹೇಗೆ? ಹೊರಡುವಾಗ ನನ್ನ ಶಾಲು ತೆಗೆದುಕೊಳ್ಳಲು ಬಾಗಿಲ ಹಿಂದೆ ಕೈ ಹಾಕಿದೆ. ಕೈಗೆ ಆ ಕೋಟು ತಗುಲಿತು. ತಣ್ಣಗೆ, ಒದ್ದೆಯಾಗಿತ್ತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆರಳನ್ನು ತುಟಿಗಿಟ್ಟು ನೋಡಿದೆ, ಉಪ್ಪು. ಅದರ ಪಕ್ಕದ ಗೂಟಕ್ಕೇ ಹಾಕಿದ್ದ ನನ್ನ ಶಾಲು ಒಣಗಿಯೇ ಇತ್ತು.

"ಕಾವಳ ಬಿದ್ದಾಗ ಹಾಗಾಗುತ್ತೆ ಲುದುವೀನಾ" ಎಂದಳು ಕುಶ್ತೋದಿಯಾ. "ನಾನು ಒರೆಸಿ ಇಡ್ತೀನಿ."

ಅಮ್ಮನಿಗೆ ಹೇಳಿದೆ. ಸಮುದ್ರದ ಗಾಳಿಗೆ ಎಲ್ಲ ಮನೆಯ ಬಟ್ಟೆಯೂ ಹಾಗೇ ಎಂದಳು. ಆದರೆ ಅಂದಿನಿಂದ ಆ ಮನೆಯ ಮುಂದೆ ಹೋಗುವಾಗ ಅವಳೂ ಎದೆಗೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದಳು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಾವ ಚೀನಾ ತೀರದ ಮಕಾವುಗೆ ಹೋದ. ಅಷ್ಟರಲ್ಲಿ ಅವನ ಕೂದಲು ಬೆಳ್ಳಗಾಗಿತ್ತು. ಅಲ್ಲಿಂದ ಲೇಖನ ಬರಲಿಲ್ಲ. ಅವನೇ ಬಂದ, ಒಣಗಿ ಕಡ್ಡಿಯಾಗಿ. ಜ್ವರ ಬಂದಿತ್ತು ಎಂದನಷ್ಟೆ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ನನಗೆ ಹೇಳಿದ.

ಮಕಾವಿನ ಒಳಬಂದರಿನಲ್ಲಿ ವಸಂತದಲ್ಲಿ ನಮ್ಮಲ್ಲಿಯಂತೆಯೇ ಕಾವಳ ಕವಿಯುತ್ತದಂತೆ. ಹಾಡಹಗಲು. ದೋಣಿಯವರು ಅಕ್ಕಿ ಮೂಟೆ ಇಳಿಸುತ್ತಿದ್ದರು. ಕಟ್ಟೆಯ ತುದಿಯಲ್ಲಿ ಒಬ್ಬ ನೀರಿನ ಕಡೆ ಮುಖ ಮಾಡಿ ನಿಂತಿದ್ದ. ಮೈಮೇಲೆ ಒಳ್ಳೆಯ ಕೋಟು. ಮಾವ ಕರೆಯಲಿಲ್ಲ. ಹತ್ತಿರ ಹೋದ, ಅಷ್ಟೆ. ಅವನೇ ತಿರುಗಿದ. ಆಗತಾನೇ ಗಡ್ಡ ಬೋಳಿಸಿದ ಮುಖ. ಜಸಿಂತು. ಹಡಗಿನಲ್ಲಿ ಇದ್ದಾಗಿನದೇ ವಯಸ್ಸು.

"ನೀನು ಮುದುಕನಾಗ್ಬಿಟ್ಯಲ್ಲೋ" ಎಂದನಂತೆ, ನಮ್ಮೂರಿನ ಎಳೆದ ಮಾತಿನಲ್ಲೇ.

ಊರಿಗೆ ಬಾ, ಕುಶ್ತೋದಿಯಾ ಕಾಯುತ್ತಿದ್ದಾಳೆ ಎಂದ ಮಾವ.

"ಹೆಂಗೆ ಬರ್ಲಿ? ನೀನು ನನ್ನನ್ನ ಇಲ್ಲಿ ನಿಲ್ಸಿ ಎದ್ದೋದೆ. ಹಡಗು ಬರುತ್ತೆ ಅಂತ ಬರ್ದೆ. ಬಂತು ಅಂತ ಬರೀಲಿಲ್ಲ. ನೀರೊಳಗೆ ಮಲಗಿದ್ದೆ ಕಣೋ, ತಣ್ಣಗಿತ್ತು, ಆದ್ರೂ ಮಲಗಿದ್ದೆ. ಈಗ ಅದೂ ಇಲ್ಲ."

ಅಕ್ಕಿ ಮೂಟೆ ಹೊತ್ತವನೊಬ್ಬ ಇಬ್ಬರ ನಡುವೆ ಹಾದುಹೋದ. ಆಮೇಲೆ ಕಟ್ಟೆಯ ತುದಿಯಲ್ಲಿ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಒದ್ದೆಯಿತ್ತು. ಕಾವಳದಲ್ಲಿ ಎಲ್ಲ ಕಲ್ಲೂ ಒದ್ದೆಯೇ.

"ಜ್ವರ ಆಗ್ಲೇ ಬಂದಿತ್ತಾ, ಆಮೇಲೆ ಬಂತಾ ಮಾವ?" ಎಂದು ಕೇಳಿದೆ.

"ಗೊತ್ತಿಲ್ಲ ಲುದು. ನನಗೂ ಅದೇ ಗೊತ್ತಾಗ್ಬೇಕು" ಎಂದ.

ಮುಂದಿನ ಭಾನುವಾರ, ಪೂಜೆ ಮುಗಿದ ಮೇಲೆ ಅವನು ಕುಶ್ತೋದಿಯಾಳ ಮನೆಗೆ ಹೋದ. ಈ ಸಲ ಸಾಕ್ಷಿಯಿಲ್ಲದೆ ಹೋಗಲಿಲ್ಲ. 'ಎಸ್ತ್ರೆಲಾ ದು ವೋಗಾ'ದಲ್ಲಿ ಅಂದು ಗಂಟೆ ಬಾರಿಸಿದ್ದ ಮುದುಕ ತಿಯೋತೊನ್ಯುವನ್ನು ಕೈಹಿಡಿದು ಕರೆದೊಯ್ದ. ಅಮ್ಮ ಮತ್ತು ನಾನು ಹಿಂದೆ ಹೋದೆವು. ಪುಸ್ತಕದ ಮಾತನ್ನೇ ಅವನು ಎತ್ತಲಿಲ್ಲ. ಆ ದಿನ ಬೆಳಗ್ಗೆ ಜಸಿಂತು ಏನು ತಿಂದ, ಯಾವ ಬಣ್ಣದ ಟೋಪಿ ಹಾಕಿದ್ದ, ದೋಣಿಗೆ ಇಳಿಯುವಾಗ ಯಾರಿಗೆ ಏನೆಂದು ಗೇಲಿ ಮಾಡಿದ ಎಂಬಲ್ಲಿಂದ ಶುರುಮಾಡಿದ. ಕೋಟಿನ ಮಾತನ್ನು ಅವನು ಯಾವಾಗ, ಎಲ್ಲಿ ಕೂತು ಆಡಿದ್ದ ಎಂದೂ ಹೇಳಿದ. ಆಮೇಲೆ ಕಾವಳ, ಗಂಟೆ, ಶಂಖ. ನಡುನಡುವೆ ತಿಯೋತೊನ್ಯು ಹೌದು, ಹೌದು ಎನ್ನುತ್ತಿದ್ದ. ಶಂಖ ನಿಂತ ಜಾಗಕ್ಕೆ ಬಂದಾಗ ಮುದುಕ ಅತ್ತುಬಿಟ್ಟ.

ಕುಶ್ತೋದಿಯಾ ಒಂದೇ ಮಾತು ಕೇಳಿದಳು. "ಕೊನೇಲಿ ಶಂಖ ಮೆಲ್ಲಗಾಯ್ತಾ, ಒಂದೇ ಸಲ ನಿಂತ್ಹೋಯ್ತಾ?"

"ಒಂದೇ ಸಲ" ಎಂದ ತಿಯೋತೊನ್ಯು. "ಅಲೆ ಹೊಡೆದಿರ್ಬೇಕು ತಾಯಿ. ಬಹಳ ಹೊತ್ತು ಒದ್ದಾಡಿರ್ಲಾರ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಉಪ್ಪು ತಿಂದು ಸೀಳಿದ ಕೈಗಳು. ನಂತರ ಮಾವನ ಕಡೆ ತಿರುಗಿದಳು.

"ಅಬಿಲಿಯು ಒಳ್ಳೆಯವನಾಗಿದ್ದ" ಎಂದಳು. "ನನಗೆ ಮಕ್ಕಳಾಗೋ ವಯಸ್ಸಿತ್ತು. ಇದನ್ನ ನೀವು ಆವತ್ತೇ, ಅಂಗಡೀಲಿ ಹೇಳ್ಬೇಕಿತ್ತು. ಇನ್ನು ನನ್ನ ಮನೆಗೆ ಬರ್ಬೇಡಿ."

ಮಾವ ತಲೆಬಾಗಿ ಎದ್ದು ಬಂದ.

ಆ ವಾರವೇ ಅವಳು ಪಾದ್ರಿಯ ಹತ್ತಿರ ಹೋಗಿ, ಸಮುದ್ರದಲ್ಲಿ ಸತ್ತ ಗಂಡನಿಗೆ ಒಂದು ಗೋರಿ ಬೇಕು ಎಂದಳು. ಹೂಳಲು ದೇಹವಿಲ್ಲವಲ್ಲ ಎಂದು ಪಾದ್ರಿ ತಡವರಿಸಿದ. ಕೋಟಿದೆ ಎಂದಳು. ಅಬಿಲಿಯು ಪೆಟ್ಟಿಗೆ ಮಾಡಿಕೊಟ್ಟ. ಅವನು ಅಷ್ಟರಲ್ಲಿ ಬೇರೆ ಮದುವೆಯಾಗಿ, ಮಕ್ಕಳು ದೊಡ್ಡವರಾಗಿದ್ದರು. ಹೆಂಡತಿಯನ್ನೂ ಕರೆದುಕೊಂಡೇ ಬಂದ. ಬರೀ ಕೋಟಿನ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು. ಇನ್ನಿಬ್ಬರು ಭುಜ ಕೊಟ್ಟ ಮೇಲೇ ಅದು ನೆಲದಿಂದ ಮೇಲೆದ್ದದ್ದು. ನಾನು ಕಣ್ಣಾರೆ ಕಂಡೆ. ಮಾವ ಸ್ಮಶಾನದ ಗೇಟಿನ ಹೊರಗೇ ನಿಂತಿದ್ದ.

ಆಮೇಲೆ ಅವನು ಎಲ್ಲಿಗೂ ಹೋಗಲಿಲ್ಲ. ಪ್ರಕಾಶಕರು ಕರೆದರೆ, ಎದೆ ಸರಿಯಿಲ್ಲ ಎನ್ನುತ್ತಿದ್ದ. ನಮ್ಮ ಅಂಗಡಿಯಲ್ಲಿ ಕೂತು ಸಿಹಿಯ ಡಬ್ಬಗಳಿಗೆ ದಾರ ಕಟ್ಟುತ್ತಿದ್ದ. ಅವನ ಪುಸ್ತಕ ಓದಿದ ಪ್ರವಾಸಿಗರು ಡಬ್ಬ ಕೊಂಡು ಹೋಗುತ್ತಿದ್ದರು, ಕಟ್ಟಿದವನು ಯಾರೆಂದು ತಿಳಿಯದೆ. ಬರೆದದ್ದು ಒಂದನ್ನೇ, ಕಾದಂಬರಿಯ ಕೊನೆಯ ಅಧ್ಯಾಯವನ್ನು, ನಡೆದದ್ದು ನಡೆದ ಹಾಗೆ. ಪ್ರಕಾಶಕ ಅದನ್ನು ಸೆನ್ಸಾರಿಗೆ ಕಳಿಸಿದ. ನೀಲಿ ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆಸಿಕೊಂಡು ಅದು ಹಿಂದೆ ಬಂತು. ಮಾವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಲವು ಚಳಿಗಾಲ ಕಳೆದ ಮೇಲೆ ಎದೆಯ ಕಾಯಿಲೆಯಲ್ಲೇ ತೀರಿಕೊಂಡ. ಶಂಖ ಈಗಲೂ ಕೇಳುತ್ತದೆಯೇ ಎಂದು ಕೊನೆಯ ದಿನಗಳಲ್ಲಿ ಅಮ್ಮ ಕೇಳಿದಳು. ಇಲ್ಲ, ನಿಂತುಹೋಗಿದೆ, ಈಗ ಕೇಳದೇ ಇರುವುದೇ ಕಷ್ಟ ಅಕ್ಕ, ನಿದ್ದೆ ಬರುವುದಿಲ್ಲ ಎಂದ.

ಅವನ ಶವದ ಹಿಂದೆ ಕುಶ್ತೋದಿಯಾ ಬಂದಳು. ಅತ್ತ ಇತ್ತ ನೋಡದೆ ನಡೆದಳು.

ಸರ್ಕಾರ ಬಿದ್ದು ಬೀದಿಗಳಲ್ಲಿ ಸಿಪಾಯಿಗಳು ಕೆಂಪು ಹೂ ಸಿಕ್ಕಿಸಿಕೊಂಡು ತಿರುಗಿದ ವರ್ಷ ಪ್ರಕಾಶಕನ ಮಗ ನನ್ನನ್ನು ಹುಡುಕಿಕೊಂಡು ಬಂದ. ಇನ್ನು ಸೆನ್ಸಾರಿಲ್ಲ, ನಿಜವಾದ ಕೊನೆಯ ಜೊತೆ ಅಚ್ಚು ಹಾಕೋಣ, ಅನುಮತಿ ಕೊಡಿ ಎಂದ. ಹಕ್ಕು ನನ್ನದು, ಆದರೆ ಕೇಳಬೇಕಾದದ್ದು ನನ್ನನ್ನಲ್ಲ ಎನಿಸಿತು. ಕುಶ್ತೋದಿಯಾಳ ಮನೆಗೆ ಹೋದೆ. ಅವಳಿಗೆ ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಹಳೆಯದು ಇದ್ದ ಹಾಗೇ ಇರಲಿ ಎನ್ನುತ್ತಾಳೆಂದು ನಾನು ಅಂದುಕೊಂಡಿದ್ದೆ.

"ಸತ್ತ ಅಂತಾನೇ ಹಾಕ್ಸು" ಎಂದಳು. "ಫುಜೇಟ, ಪೋವುವ, ಇಂಥ ಮೀನುಗಾರರ ಊರಲ್ಲೆಲ್ಲ ಎಷ್ಟು ಹೆಂಗಸರು ಆ ಪುಸ್ತಕ ಓದಿ ಬಾಗಿಲು ತೆಕ್ಕೊಂಡು ಕೂತಿದಾರೋ ಏನೋ."

ಪುಸ್ತಕ ಬಂದ ದಿನ ಒಂದು ಪ್ರತಿ ತೆಗೆದುಕೊಂಡು ಹೋದೆ. ಅವಳು ಹೊಸ್ತಿಲ ಬಳಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೊನೆಯದನ್ನಷ್ಟೇ ಓದು ಎಂದಳು. ನಾನು ನಿಂತುಕೊಂಡೇ ಓದತೊಡಗಿದೆ. ಕಾವಳ ಇಳಿಯುವಲ್ಲಿಗೆ ಬಂದಾಗ ಅವಳು ಕೈ ಎತ್ತಿದಳು. ಸಾಕೇನೋ ಎಂದು ನಿಲ್ಲಿಸಿದೆ.

"ಸಾಕಾಗಿಲ್ಲ" ಎಂದಳು. "ಒಲೆ ಮೇಲೆ ಸಾರಿಟ್ಟಿದೀನಿ, ಉಕ್ಕುತ್ತೆ. ನೀನು ಓದ್ತಾ ಇರು. ಒಳಗಡೆ ಕೇಳೋ ಹಾಗೆ ಸ್ವಲ್ಪ ಗಟ್ಟಿಯಾಗಿ ಓದು."

ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನಾನು ಗಟ್ಟಿಯಾಗಿ ಓದಿದೆ.